ಅರ್ಥ ಹೇಳುವುದೆಂದರೆ ಅರ್ಥ ಹೇಳುವುದಲ್ಲ

ಪೊರ್ಬುಗಳೇ, ನನ್ನ ಹಿರಿಯ ಗೆಳೆಯರೇ,

ಈ ಪತ್ರದಲ್ಲಾದರೂ ನಿಮ್ಮನ್ನು ಬಸ್ತಿಯಾಂವ್ ಎಂದು ಹೆಸರು ಹಿಡಿದು ಕರೆಯೋಣವೆಂದು ಕುಳಿತೆ, ಕೈ ಏಳಲಿಲ್ಲ. ತುಳುವಿನಲ್ಲಿ ಕ್ರೈಸ್ತ ಹಿರಿಯರನ್ನು ಮರ್ಯಾದೆಯಿಂದ ಪೊರ್ಬು ಎನ್ನುತ್ತಾರೆಂದು ತಿಳಿಯದೆ, ಅದೇ ನಿಮ್ಮ ಹೆಸರೆಂದು ನಂಬಿ, ‘ಬಸ್ತಿಯಾಂವ್ ಎಂಬುವರು ಇಲ್ಲಿ ಯಾರೂ ಇಲ್ಲ’ ಎಂದು ನಿಮ್ಮ ಕಾಗದಗಳನ್ನು ಅಂಚೆಯವನಿಗೆ ವಾಪಸು ಕೊಟ್ಟ ಮಹಾಪಂಡಿತ ನಾನು. ನೀವು ಬೈಯಲಿಲ್ಲ. “ಒಳ್ಳೇದಾಯ್ತು ಮಾಷ್ಟ್ರೇ, ಅದ್ರಲ್ಲಿ ನನ್ನ ಭಾವನ ಉಪದೇಶ ಬಿಟ್ರೆ ಬೇರೆಂತದೂ ಇರುವುದಿಲ್ಲ” ಎಂದಿರಿ. ಈಗ ನಿಮಗೆ ತಲುಪಲಾರದ ಕಾಗದವೊಂದನ್ನು ನಾನೇ ಬರೆಯುತ್ತಿದ್ದೇನೆ. ನಾನು ನಿಮ್ಮ ಊರಿನಲ್ಲಿ ಉಳಿದದ್ದು ಹೇಗೆ ಎಂಬುದನ್ನು ನೀವಿರುವಾಗ ನಿಮಗೆ ಸರಿಯಾಗಿ ಹೇಳಲಿಲ್ಲ. ಅದನ್ನು ಹೇಳಬೇಕು. ಆದರೆ ಕನ್ನಡ ಪಂಡಿತನ ಹಣೆಬರಹ ನೋಡಿ, ಅಲ್ಲಿಗೆ ಹೋಗಲೂ ನನಗೆ ಒಂದು ಕ್ರಿಯಾಪದದ ದಾರಿಯೇ ಬೇಕು.

ನನ್ನನ್ನು ಮೊದಲು ನೋಡಿದ ದಿನ ನಿಮಗೆ ನೆನಪಿದೆಯೇ? ರಾಜ್ಯ ಒಂದಾದ ಮರುವರ್ಷ. ಮಂಡ್ಯದ ಕಡೆಯಿಂದ ಟ್ರಂಕು ಹೊತ್ತುಕೊಂಡು ಬಂದು ಕಾರ್ಕಳದ ಬಸ್ ಸ್ಟ್ಯಾಂಡಿನಲ್ಲಿ ಇಳಿದಿದ್ದೆ. ನೀವು ಬಸ್ ಏಜೆಂಟರು, “ಹಿರಿಯಡ್ಕ, ಮಣಿಪಾಲ, ಉಡುಪಿ!” ಎಂದು ಕೂಗುತ್ತಿದ್ದಿರಿ. ಉಡುಪಿಗೆ ಹೋಗುವ ಮನಸ್ಸಿಲ್ಲದವನಿಗೂ ಹತ್ತಿಬಿಡೋಣ ಅನಿಸುವಂಥ ಗಂಟಲು. ನನ್ನನ್ನು ನೋಡಿ ಕೂಗು ನಿಲ್ಲಿಸಿದಿರಿ. “ಮೈಸೂರು ಕಡೆಯವರಾ?” “ಹೌದು, ಹೇಗೆ ಗೊತ್ತಾಯ್ತು?” “ಇಷ್ಟು ಮಳೆ ಬರ್ತಾ ಉಂಟು, ನೀವು ಕೊಡೆ ಮಡಚಿ ಕಂಕುಳಲ್ಲಿ ಇಟ್ಟಿದ್ದೀರಿ. ಕೊಡೆ ಒದ್ದೆ ಆಗ್ಬಾರ್ದು ಅಂತಲಾ?” ಗಾಳಿಗೆ ಎಲ್ಲಿ ಮುರಿಯುತ್ತದೋ ಎಂದು ಮಡಚಿದ್ದೆ, ಹೇಳಲು ನಾಚಿಕೆಯಾಯಿತು. ಅಂದೇ ಕುಕ್ಕುಂದೂರಿನ ನಿಮ್ಮ ಮನೆಯ ಹೊರಕೋಣೆ ನನ್ನದಾಯಿತು. ನಿಮ್ಮ ಮಡದಿ ಬಾಯಮ್ಮ ಬಡಿಸಿದ ಕುಚ್ಚಲಕ್ಕಿ ಅನ್ನವನ್ನು ನೋಡಿ, ಮುದ್ದೆಯನ್ನು ನೆನೆದು ಅತ್ತೆನೆಂದು ನೀವು ಊರೆಲ್ಲ ಹೇಳಿಕೊಂಡು ತಿರುಗಿದಿರಿ. ಅತ್ತಿರಲಿಲ್ಲ. ಆದರೆ ಆ ವಾರವೇ ನಮ್ಮ ಕಡೆಗೆ ವರ್ಗ ಬೇಕೆಂದು ಇಲಾಖೆಗೆ ಅರ್ಜಿ ಹಾಕಿದ್ದು ನಿಜ. ಆಮೇಲೆ ಪ್ರತಿ ವರ್ಷವೂ ಹಾಕಿದೆ. ಅದು ನಿಮಗೂ ಗೊತ್ತಿತ್ತು.

ಒಂದು ಗುರುವಾರ ಶಾಲೆ ಬಿಟ್ಟು ಬರುವಾಗ ನೀವು ನನ್ನನ್ನು ತಡೆದು ಕೇಳಿದಿರಿ: “ಮಾಷ್ಟ್ರೇ, ಭಾನುವಾರ ಮಧ್ಯಾಹ್ನ ಚಾವಡಿಯಲ್ಲಿ ತಾಳಮದ್ದಳೆ ಉಂಟು. ಒಬ್ರು ಕೈ ಕೊಟ್ಟಿದ್ದಾರೆ. ನೀವು ಅರ್ಥ ಹೇಳ್ತೀರಾ?”

“ಅದಕ್ಕೇನಂತೆ, ಹೇಳೋಣ.”

“ಅಂದ್ರೆ, ಅಭ್ಯಾಸ ಉಂಟಾ ನಿಮಗೆ?”

“ಅಭ್ಯಾಸ ಏನ್ ಬಂತು ಸ್ವಾಮಿ, ದಿನಾ ಬೆಳಗ್ಗೆಯಿಂದ ಸಾಯಂಕಾಲದವರೆಗೆ ಹೇಳ್ತಾನೇ ಇರ್ತೀನಲ್ಲ.”

“ದಿನಾ?” ನಿಮ್ಮ ಕಣ್ಣು ಅಷ್ಟು ದೊಡ್ಡದಾದದ್ದನ್ನು ನಾನು ಮತ್ತೆ ಎಂದೂ ನೋಡಲಿಲ್ಲ. ಸಂಜೆಯೊಳಗೆ, ಮೈಸೂರು ಕಡೆಯಿಂದ ಭಾರೀ ಅರ್ಥಧಾರಿಯೊಬ್ಬರು ಬಂದಿದ್ದಾರೆಂದು ಬಸ್ ಸ್ಟ್ಯಾಂಡಿನಲ್ಲಿ ಸುದ್ದಿ.

ಅರ್ಥ ಹೇಳುವುದು ಎಂದರೆ ಏನೆಂದು ಈಗ ನನಗೆ ಗೊತ್ತು. ನಿಮ್ಮ ವಿದ್ಯೆಯನ್ನು ನಿಮಗೇ ವಿವರಿಸುವುದು ಅಧಿಕಪ್ರಸಂಗ, ಕಲಿಸಿದ ಪಾಠವನ್ನು ಒಪ್ಪಿಸುತ್ತಿದ್ದಾನೆ ಎಂದುಕೊಳ್ಳಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಮದ್ದಳೆ ನುಡಿಯುತ್ತದೆ. ಆಮೇಲೆ ಎದುರುಬದುರು ಕುಳಿತವರು ಆ ಪದ್ಯದ ಪಾತ್ರಗಳೇ ಆಗಿ ಮಾತಿಗೆ ಮಾತು ಕೊಡುತ್ತಾ ಕತೆಯನ್ನು ಮುಂದೆ ನಡೆಸುತ್ತಾರೆ. ಮಾತು ಬರೆದಿಟ್ಟದ್ದಲ್ಲ, ಅಲ್ಲೇ ಹುಟ್ಟಬೇಕು. ಅದಕ್ಕೆ ಈ ಕರಾವಳಿಯಲ್ಲಿ ಅರ್ಥ ಹೇಳುವುದೆಂದು ಹೆಸರು. ನಮ್ಮ ಕಡೆ ಅರ್ಥ ಹೇಳುವುದೆಂದರೆ ಕಠಿಣ ಪದಗಳಿಗೆ ಸುಲಭ ಪದ ಹೇಳುವುದು. ಹಾಡು ಮುಗಿದ ಮೇಲೆ ಜನರಿಗೆ ಪದ್ಯ ಬಿಡಿಸಿ ಹೇಳಲು ಪಂಡಿತನೊಬ್ಬ ಬೇಕಾಗಿದ್ದಾನೆ ಎಂದು ನಾನು ತಿಳಿದೆ. ನೀವು ಕೊಟ್ಟ ಪದ್ಯಗಳನ್ನು ಮುಂದಿಟ್ಟುಕೊಂಡು ಶನಿವಾರವೆಲ್ಲ ನಿಘಂಟು ತಿರುವಿದೆ. ಸಂಧಿ ಬಿಡಿಸಿದೆ, ಸಮಾಸ ಬಿಡಿಸಿದೆ. ಎರಡು ಕಡೆ ಛಂದಸ್ಸು ತಪ್ಪಿದ್ದನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿದೆ! ಅದು ನಿಮ್ಮ ಭಾಗವತರೇ ಹೆಣೆದ ಪ್ರಸಂಗವೆಂದು ನನಗೇನು ಗೊತ್ತು?

ಆ ಭಾನುವಾರವನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ನೀವು ಬೆಳಗ್ಗೆ ಇಗರ್ಜಿಯ ಪೂಜೆ ಮುಗಿಸಿ, ಊಟ ಮಾಡಿ, ಶಾಲು ಹೊದೆದು ನನ್ನ ಎದುರು ಬಂದು ಕುಳಿತಿರಿ. ಕತೆ ಸಣ್ಣದು. ಒಬ್ಬ ರಾಜ ಶಾಪದಿಂದ ತಾನು ಯಾರೆಂಬುದನ್ನೇ ಮರೆತು, ದೂರದ ಊರಿನಲ್ಲಿ ಯಾರದೋ ಬಾಗಿಲು ಕಾಯುತ್ತಿದ್ದಾನೆ. ಅವನ ಮಂತ್ರಿ ಹುಡುಕಿಕೊಂಡು ಬಂದು, ನೀನು ನಮ್ಮ ರಾಜ, ಊರಿಗೆ ಬಾ ಎಂದು ಕರೆಯಬೇಕು. ಮಂತ್ರಿ ನೀವು, ರಾಜ ನಾನು. ಪದ್ಯ ಮುಗಿಯಿತು. ಸಭೆ ನನ್ನನ್ನೇ ನೋಡಿತು. ನಾನು ಗಂಟಲು ಸರಿಪಡಿಸಿಕೊಂಡು ಶುರು ಮಾಡಿದೆ: “ಈ ಪದ್ಯದಲ್ಲಿ ದ್ವಾರಪಾಲಕ ಎಂಬ ಪದವಿದೆ. ದ್ವಾರವನ್ನು ಪಾಲಿಸುವವನು ದ್ವಾರಪಾಲಕ. ಇಲ್ಲಿ ರಾಜನು ತಾನು ಯಾರೆಂಬುದನ್ನು ಮರೆತಿದ್ದಾನೆ. ಅವನಿಗೆ ತನ್ನ ಊರಾಗಲಿ ಹೆಸರಾಗಲಿ ತಿಳಿಯದು...” ಮದ್ದಳೆಯವರ ಕೈ ಮದ್ದಳೆಯ ಮೇಲೆಯೇ ಉಳಿಯಿತು. ಭಾಗವತರು ನಿಮ್ಮನ್ನು ನೋಡಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಏನೋ ಎಡವಟ್ಟಾಗಿದೆ ಎಂದು ತಿಳಿಯಿತು, ಏನೆಂದು ತಿಳಿಯಲಿಲ್ಲ. ಆಗ ನೀವು ಮುಂದಕ್ಕೆ ಬಾಗಿದಿರಿ.

“ಎಲೈ ದ್ವಾರಪಾಲಕನೇ, ರಾಜನು ಮರೆತಿದ್ದಾನೆ, ರಾಜನಿಗೆ ತಿಳಿಯದು ಎನ್ನುತ್ತೀಯಲ್ಲ, ಯಾರ ಸುದ್ದಿ ಇದು? ಮರೆತವನು ನೀನು. ನಿನ್ನ ದುಃಖವನ್ನೇ ಊರಿನವರ ಸುದ್ದಿಯ ಹಾಗೆ ಹೇಳುತ್ತಿದ್ದೀಯಲ್ಲ, ಆ ಶಾಪ ಇಷ್ಟು ಆಳಕ್ಕೆ ಇಳಿದಿದೆಯೇ? ಹೇಳು, ನೀನು ಯಾರು?”

“ನಾನು... ನನಗೆ ಗೊತ್ತಿಲ್ಲ” ಎಂದೆ. ಪಾತ್ರ ಹೇಳಿದ್ದಲ್ಲ ಪೊರ್ಬುಗಳೇ, ನಾನೇ ಹೇಳಿದ್ದು, ಪ್ರಾಣಭಯದಿಂದ. ಸಭೆ ಚಪ್ಪಾಳೆ ಹೊಡೆಯಿತು! ರಾಜ ಮರೆತಿದ್ದಾನೆಂಬುದನ್ನು ಇಷ್ಟು ಚಂದ ಯಾರೂ ತೋರಿಸಿರಲಿಲ್ಲವಂತೆ. ವ್ಯಾಕರಣದ ಮಾತಿನಲ್ಲಿ ಸುತ್ತಿ ಸುತ್ತಿ ಕೊನೆಗೆ ‘ನಾನು’ ಎಂಬಲ್ಲಿಗೆ ತಂದದ್ದು ಹೊಸ ನಮೂನೆಯಂತೆ. ನೀವು ಒಂದು ಮಾತು ಆಡಿದ್ದರೆ ನಾನು ಮಾರನೆಯ ದಿನ ಪೇಟೆಯಲ್ಲಿ ಮುಖ ತೋರಿಸುವಂತಿರಲಿಲ್ಲ. ನೀವು ಆಡಲಿಲ್ಲ. ಮನೆಗೆ ನಡೆದು ಬರುವ ದಾರಿಯಲ್ಲಿ, ಯಾರೂ ಇಲ್ಲದ ಕಡೆ ನಿಂತು, ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಆಮೇಲೆ ಕಣ್ಣೊರೆಸಿಕೊಂಡು, “ಅರ್ಥ ಹೇಳುವುದು ಅಂದ್ರೆ ಅರ್ಥ ಹೇಳುವುದಲ್ಲ ಮಾರಾಯ್ರೆ!” ಎಂದಿರಿ. ಯಾವ ನಿಘಂಟಿನಲ್ಲೂ ನನಗೆ ಅಂಥ ವಿವರಣೆ ಸಿಕ್ಕಿಲ್ಲ.

ಆಮೇಲಿನ ವರ್ಷಗಳಲ್ಲಿ ನಾನು ಕಲಿತೆ, ನಿಮ್ಮ ಬುಕಿಂಗ್ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತು. ಟಿಕೆಟ್ ಹರಿಯುತ್ತಲೇ ನೀವು ಮಂತ್ರಿಯಾಗಿ ಒಂದು ಪ್ರಶ್ನೆ ಎಸೆಯುತ್ತಿದ್ದಿರಿ, ನಾನು ರಾಜನಾಗಿ ಉತ್ತರ ಕೊಡಬೇಕಿತ್ತು. “ಅರ್ಥದಲ್ಲಿ ‘ಅವನು’ ಇಲ್ಲ ಮಾಷ್ಟ್ರೇ. ‘ನಾನು’ ಮತ್ತು ‘ನೀನು’, ಅಷ್ಟೇ.” ಈ ಊರಿನಲ್ಲಿ ಆ ಪದವನ್ನು ಬಳಸುವ ಬಗೆಗಳನ್ನು ನಾನು ಕಿವಿಯಲ್ಲೇ ಕೂಡಿಹಾಕಿದೆ. ‘ಇವತ್ತು ನಿಮ್ಮ ಅರ್ಥ ಯಾವುದು?’ ಎಂದರೆ ಯಾವ ಪಾತ್ರ ಎಂದು. ‘ಅವರ ಅರ್ಥ ಏಳಲಿಲ್ಲ’ ಎಂದರೆ ಮಾತು ಕಳೆಗಟ್ಟಲಿಲ್ಲ ಎಂದು. ಆದರೆ ಕತೆ ಹೇಳುವುದೆಂದರೆ ಬೇರೆಯೇ. ನೀವು ತಡವಾಗಿ ಬಂದು ಬಸ್ಸಿನ ಚಕ್ರ ಪಂಕ್ಚರ್ ಎಂದರೆ ಬಾಯಮ್ಮ, ನನಗೂ ತಿಳಿಯಲಿ ಎಂದು ಕೊಂಕಣಿ ಬಿಟ್ಟು ಕನ್ನಡದಲ್ಲೇ, “ಕತೆ ಹೇಳ್ಬೇಡಿ” ಎನ್ನುತ್ತಿದ್ದರು. “ನೋಡಿ ಮಾಷ್ಟ್ರೇ, ಮನೇಲಿ ಕತೆ ಹೇಳಿದ್ರೆ ಸುಳ್ಳುಗಾರ, ಚಾವಡಿಯಲ್ಲಿ ಅರ್ಥ ಹೇಳಿದ್ರೆ ಶಾಲು” ಎಂದು ನೀವು ಹಲ್ಲು ಬಿಡುತ್ತಿದ್ದಿರಿ.

ನೀವೂ ಬಾಯಮ್ಮನೂ ಮಾತು ಬಿಟ್ಟಿದ್ದ ಆ ವಾರ ನೆನಪಿದೆಯೇ? ಕಾರಣ ನನಗೆ ಇಂದಿಗೂ ಗೊತ್ತಿಲ್ಲ. ಮನೆಯಲ್ಲಿ ಮೀನಿನ ಪದಾರ್ಥ ನಿಂತುಹೋಗಿ, ನಿಮಗೆ ಬರೀ ಗಂಜಿ, ಉಪ್ಪಿನಕಾಯಿ. ಹಿರಿಯಡ್ಕದ ತಾಳಮದ್ದಳೆ ಕೂಟದಲ್ಲಿ ಬಾಯಮ್ಮ ಹೆಂಗಸರ ನಡುವೆ ಕುಳಿತಿದ್ದರು. ರಾಜನಾದ ನಾನು, ನೀನು ಇಷ್ಟು ತಡವಾಗಿ ಬಂದೆಯೇಕೆ ಎಂದು ಕೇಳಿದೆ. ಮಂತ್ರಿ ಹೇಳಿದ: “ಹೊರಡುವಾಗ ಮನೆಯಾಕೆ, ಆ ದಾರಿ ಹಿಡಿಯಬೇಡಿ ಎಂದಿದ್ದಳು. ನನಗೆ ಜಂಭ. ಕೇಳಲಿಲ್ಲ. ದಾರಿ ತಪ್ಪಿದೆ. ಈಗ ಅವಳ ಮುಂದೆ ಹೋಗಿ ತಪ್ಪಾಯಿತು ಎನ್ನಲು ನಾಲಿಗೆ ಏಳದು, ಅದಕ್ಕೆ ನಿನ್ನ ಮುಂದೆ ಹೇಳುತ್ತಿದ್ದೇನೆ.” ಮರುದಿನ ಮಧ್ಯಾಹ್ನ ಬಂಗುಡೆ ಮೀನಿನ ಘಮ ಹೊರಕೋಣೆಯವರೆಗೆ ಬಂತು. ಹೀಗೂ ಹೇಳಬಹುದೇ ಎಂದು ನಾನು ಕೇಳಿದಾಗ ನೀವು ಮುಳ್ಳು ಬಿಡಿಸುತ್ತಾ, “ಹೇಳ್ಬಹುದು. ಕೇಳ್ಬೇಕಾದವರಿಗೆ ಮಾತ್ರ ಗೊತ್ತಾಗ್ಬೇಕು” ಎಂದಿರಿ.

ವರ್ಗದ ಆದೇಶ ಬಂದ ದಿನ ನಾನು ನೇರ ನಿಮ್ಮ ಕಿಟಕಿಗೆ ಬಂದೆ. ಮಂಡ್ಯದ ಹತ್ತಿರವೇ ಶಾಲೆ, ಅಣ್ಣನ ಮನೆಯಿಂದ ನಡೆದುಹೋಗುವಷ್ಟು ದೂರ. ವರ್ಷವರ್ಷವೂ ಬೇಡಿದ್ದು ಕೊನೆಗೂ ಸಿಕ್ಕಿತ್ತು. ನೀವು ಟಿಕೆಟ್ ಪುಸ್ತಕದಿಂದ ತಲೆ ಎತ್ತದೆ, “ಒಳ್ಳೇದಾಯ್ತು ಮಾಷ್ಟ್ರೇ. ಇನ್ನು ನಿಮಗೆ ಮುದ್ದೆ ಉಂಟು” ಎಂದಿರಿ. ಅಷ್ಟೇ. ಇನ್ನೊಂದು ಮಾತು ಬರಬಹುದೆಂದು ನಿಂತೇ ಇದ್ದೆ. ನೀವು ಉಡುಪಿಯ ಬಸ್ಸಿಗೆ ಜನ ಕೂಗತೊಡಗಿದಿರಿ. ನನಗೆ ಸಿಟ್ಟು ಬಂತು, ಈಗ ಹೇಳುತ್ತಿದ್ದೇನೆ. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡವನು ಹೊರಟರೆ ಇಷ್ಟೇನೇ? ಇರಿ ಎಂದು ಒಂದು ಮಾತು... ಆದರೆ ನೀವಾದರೂ ಹೇಗೆ ಹೇಳುತ್ತೀರಿ, ಅರ್ಜಿ ಹಾಕಿದವನು ನಾನೇ ಅಲ್ಲವೇ?

ಕಾಪುವಿನ ಕೂಟ ಮೊದಲೇ ನಿಗದಿಯಾಗಿತ್ತು. ಕಡಲ ಬದಿಯ ಭಜನಾ ಮಂದಿರ, ಹೊರಗೆ ಒಣಗಲು ಹರಡಿದ ಬಲೆ, ಮೀನು ಮಾರಿ ಬಂದು ಖಾಲಿ ಬುಟ್ಟಿ ಪಕ್ಕಕ್ಕಿಟ್ಟುಕೊಂಡು ಕುಳಿತ ಹೆಂಗಸರು. ಬಿಸಿಲು ಇನ್ನೂ ಇತ್ತು. ನಾನು ಹೋಗುವವನೆಂದು ಭಾಗವತರು ಪ್ರೀತಿಯಿಂದ ನಮ್ಮ ಹಳೆಯ ಪ್ರಸಂಗವನ್ನೇ ಇಟ್ಟಿದ್ದರು. ಊರಿಗೆ ಬಾ ಎಂದು ರಾಜನನ್ನು ಒಪ್ಪಿಸಬೇಕಾದ ಮಂತ್ರಿ ನೀವು. ಆ ಮಂತ್ರಿಯನ್ನು ಅದುವರೆಗೆ ಯಾವ ರಾಜನೂ ಸೋಲಿಸಿರಲಿಲ್ಲ. ನಿಮ್ಮ ಮಾತು ಕೇಳಿದರೆ ಕಲ್ಲು ಕೂಡ ಎದ್ದು ಹಿಂದೆ ಬರುತ್ತದೆ ಎಂದು ಜನ ಹೇಳುತ್ತಿದ್ದರು. ಅಂದು ನೀವು ಏನು ಹೇಳಿದಿರಿ ಪೊರ್ಬುಗಳೇ? “ನಿನ್ನ ಸಿಂಹಾಸನ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಕಾಲು ಅಲ್ಲಾಡುತ್ತದೆ. ಅರಮನೆ ಉಂಟು, ಸೋರುತ್ತದೆ. ಪಟ್ಟದಾನೆಗೆ ವಯಸ್ಸಾಯಿತು. ಪ್ರಜೆಗಳು ಒಳ್ಳೆಯವರೇ, ನೀನಿಲ್ಲದೆಯೂ ಅವರಿಗೆ ಅಭ್ಯಾಸವಾಗಿದೆ.” ಸಭೆಯಲ್ಲಿ ಗುಸುಗುಸು. “ಪೊರ್ಬುಗಳಿಗೆ ಇವತ್ತು ಎಂತ ಆಯ್ತು ಮಾರಾಯ? ಹುಷಾರಿಲ್ವಾ?” ಎಂದು ಮುಂದಿನ ಸಾಲಿನವರೇ ಕೇಳಿಕೊಂಡರು. ನಾನು ರಾಜನಾಗಿ ಕೇಳಿದೆ: “ಮಂತ್ರಿ, ನೀನು ನನ್ನನ್ನು ಕರೆಯಲು ಬಂದೆಯೋ, ಬೇಡವೆನ್ನಲು ಬಂದೆಯೋ?”

ನೀವು ಶಾಲಿನಲ್ಲಿ ಮುಖ ಒರೆಸಿಕೊಂಡಿರಿ. “ಕರೆಯಲು ಬಂದೆ. ಕರೆಯುವುದು ಮಂತ್ರಿಯ ಕೆಲಸ” ಎಂದಿರಿ. ತಡೆದು, “ಮಂತ್ರಿಯ ಕೆಲಸ ಮಾತ್ರ” ಎಂದಿರಿ. ಮುಂದೆ ಏನೋ ಹೇಳಲು ಹೊರಟಿರಿ, ಅಷ್ಟರಲ್ಲಿ ಭಾಗವತರು ಕೂಟ ಕೆಟ್ಟೀತೆಂದು ಕೊನೆಯ ಪದ್ಯವನ್ನು ಎತ್ತಿಕೊಂಡುಬಿಟ್ಟರು. ರಾಜ ಹೊರಡುವ ಪದ್ಯ. ಹೊರಟೆ ಎನ್ನದೆ ನನಗೆ ಗತಿಯಿರಲಿಲ್ಲ, ಹೊರಟೆ ಎಂದೆ. ಉಡುಪಿಯಲ್ಲಿ ಬಸ್ಸು ಬದಲಿಸಿ ಕಾರ್ಕಳಕ್ಕೆ ಬರುವ ತನಕ ನೀವು ಕಿಟಕಿಯ ಹೊರಗೇ ನೋಡುತ್ತಿದ್ದಿರಿ. ಮಣಿಪಾಲ ದಾಟಿದ ಮೇಲೆ ಒಮ್ಮೆ, “ಗಂಟಲು ಸರಿ ಇರ್ಲಿಲ್ಲ ಮಾಷ್ಟ್ರೇ” ಎಂದಿರಿ. ಗಂಟಲು ಸರಿಯಾಗಿಯೇ ಇತ್ತು. ಸೋಲುವುದು ನಿಮಗೆ ಅಭ್ಯಾಸವಿರಲಿಲ್ಲ, ಅದಕ್ಕೇ ಅಷ್ಟು ಕೆಟ್ಟದಾಗಿ ಸೋತಿರಿ.

ಅದಾಗಿ ಮೂರ್ನಾಲ್ಕು ದಿನಕ್ಕೆ ನಾನು ನಿಮ್ಮ ಕಿಟಕಿಗೆ ಬಂದು, ವರ್ಗ ರದ್ದಾಯಿತಂತೆ, ಆ ಜಾಗಕ್ಕೆ ಬೇರೆ ಯಾರನ್ನೋ ಹಾಕಿದರಂತೆ ಎಂದೆ. ನೀವು ಎದ್ದು ನಿಂತಿರಿ. “ಎಂತ ಅನ್ಯಾಯ ಮಾರಾಯ್ರೆ! ಇಲಾಖೆ ಅಂತ ಹೇಳ್ತಾರಾ ಇದನ್ನು? ಒಬ್ಬ ಮನುಷ್ಯ ಎಷ್ಟು ವರ್ಷ ಕಾಯ್ಬೇಕು?” ಎಂದು ಇಡೀ ಬಸ್ ಸ್ಟ್ಯಾಂಡಿಗೆ ಕೇಳುವ ಹಾಗೆ ಬೈದಿರಿ. ಮುಖ ಮಾತ್ರ ಹಬ್ಬದ ಮುಖ. ಬೈಯುತ್ತ ಬೈಯುತ್ತಲೇ ಎದುರಿನ ಹೋಟೆಲಿನಿಂದ ಗೋಳಿಬಜೆ ತರಿಸಿ, ಡ್ರೈವರು ಕಂಡಕ್ಟರುಗಳಿಗೆಲ್ಲ ಹಂಚಿದಿರಿ. ಎಂತ ವಿಶೇಷ ಪೊರ್ಬುಗಳೇ ಎಂದು ಅವರು ಕೇಳಿದರೆ, “ಮಾಷ್ಟ್ರಿಗೆ ಅನ್ಯಾಯ ಆಗಿದೆ, ತಿನ್ನಿ” ಎಂದಿರಿ!

ರದ್ದಾಗಿರಲಿಲ್ಲ ಪೊರ್ಬುಗಳೇ. ಕಾಪುವಿನಿಂದ ಬಂದ ಮರುದಿನ ನಾನು ಮಂಗಳೂರಿನ ಕಚೇರಿಗೆ ಹೋಗಿ, ನನಗೆ ಈ ವರ್ಗ ಬೇಡ ಎಂದು ಕೈಮುಗಿದು ಕೇಳಿಕೊಂಡೆ. ಬೇಡಿದವರೂ ನೀವೇ, ಬೇಡವೆನ್ನುವವರೂ ನೀವೇ, ತಲೆ ಸರಿ ಇದೆಯೇ ಎಂದು ಅಲ್ಲಿನ ಗುಮಾಸ್ತರು ಕೇಳಿದರು. ಕಾರಣ ಏನು ಹೇಳಲಿ? ಗೆಳೆಯರೊಬ್ಬರು ತಾಳಮದ್ದಳೆಯಲ್ಲಿ ಸೋತರು ಎನ್ನಲೇ? ಅಣ್ಣ ಒಂದು ವರ್ಷ ನನ್ನೊಡನೆ ಮಾತು ಬಿಟ್ಟ. ಅವನಿಗೂ ಕಾರಣ ಹೇಳಲಿಲ್ಲ. ನಿಮಗೆ ಏಕೆ ಹೇಳಲಿಲ್ಲವೆಂದರೆ... ನಿಮಗೋಸ್ಕರ ಉಳಿದೆ ಎಂದು ಒಬ್ಬ ಗಂಡಸು ಇನ್ನೊಬ್ಬ ಗಂಡಸಿಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೇಗೆ ಹೇಳುತ್ತಾನೆ? ನೀವು ಅರ್ಥ ಹೇಳಿದಿರಿ. ನನಗೆ ಅಷ್ಟು ವಿದ್ಯೆಯಿರಲಿಲ್ಲ, ಕತೆ ಹೇಳಿದೆ.

ಮಣಿಪಾಲದ ಆಸ್ಪತ್ರೆಯಲ್ಲಿ ಹೇಳಿಬಿಡೋಣ ಎಂದುಕೊಂಡಿದ್ದೆ. ನಿಮ್ಮ ಹೃದಯ ಸೋತಿದೆ ಎಂದು ಅಲ್ಲಿಯ ಡಾಕ್ಟರುಗಳು ಹೇಳಿದ್ದರು. ಮೈಸೂರು ಕಡೆಯ ಎಳೆಯ ಡಾಕ್ಟರೊಬ್ಬರು ಬಂದು, “ಏನು ಕೆಲಸ ಮಾಡ್ಕೊಂಡಿದ್ರಿ ಯಜಮಾನ್ರೇ?” ಎಂದು ಕೇಳಿದರೆ ನೀವು ಬಸ್ಸಿನ ಸುದ್ದಿ ಎತ್ತದೆ, “ಅರ್ಥ ಹೇಳುವುದು” ಎಂದಿರಿ. “ಓಹೋ, ಮೇಷ್ಟ್ರಾ?” ಎಂದರು ಅವರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಗಬಾರದೆಂದು ನಿಮಗೆ ಕಟ್ಟಪ್ಪಣೆ ಇತ್ತು. ಮಂಚ ಅಲ್ಲಾಡುವಷ್ಟು ನಕ್ಕಿರಿ, ನರ್ಸು ಬಂದು ನನ್ನನ್ನು ಗದರಿದಳು. ಅವಳು ಹೋದ ಮೇಲೆ, “ಪೊರ್ಬುಗಳೇ, ಆ ವರ್ಗದ ವಿಷಯ...” ಎಂದು ಬಾಯಿ ತೆರೆದೆ. “ಆ ಇಲಾಖೆಯವರಿಗೆ ಬುದ್ಧಿ ಇಲ್ಲ ಬಿಡಿ” ಎಂದು ನೀವು ಕಣ್ಣು ಮುಚ್ಚಿಕೊಂಡಿರಿ. ತುಟಿಯಲ್ಲಿ ನಗು ಇನ್ನೂ ಇತ್ತು. ಗೊತ್ತಿತ್ತೇ ನಿಮಗೆ? ಮೊದಲಿನಿಂದಲೂ ಗೊತ್ತಿತ್ತೇ? ಬಾಯಮ್ಮನನ್ನು ಕೇಳಿದರೆ, ಅವರು ನನ್ನ ತಟ್ಟೆಗೆ ಇನ್ನೊಂದು ಸೌಟು ಕುಚ್ಚಲಕ್ಕಿ ಅನ್ನ ಬಡಿಸುತ್ತಾರೆ.

ಇನ್ನೊಂದು ಸುದ್ದಿ. ಬರುವ ಭಾನುವಾರ ಕಾಪುವಿನಲ್ಲಿ ಕೂಟ ಉಂಟು, ನೀವಿಲ್ಲದ ಮೊದಲ ಕೂಟ. ಭಾಗವತರು ಅದೇ ಪ್ರಸಂಗವನ್ನು ಇಟ್ಟಿದ್ದಾರೆ, ಮಂತ್ರಿಯ ಅರ್ಥ ನನಗೆ ಕೊಟ್ಟಿದ್ದಾರೆ. ತನ್ನವರನ್ನೆಲ್ಲ ಮರೆತು ದೂರದ ಊರಿಗೆ ಹೋಗಿಬಿಟ್ಟವನ ಎದುರು ಕುಳಿತು, ಸಾಕು, ಎದ್ದು ಬಾ ಎಂದು ಕರೆಯಬೇಕು. ಬಾಯಮ್ಮನೂ ಬರುತ್ತೇನೆ ಎಂದಿದ್ದಾರೆ. ನನ್ನ ಎದುರು ಯಾರು ಕುಳಿತರೂ ನಾನು ಕರೆಯುವುದು ಯಾರನ್ನೆಂದು ಅವರಿಗೆ ತಿಳಿಯುತ್ತದೆ. ನೀವು ಬರುವುದಿಲ್ಲ, ಗೊತ್ತು. ಆದರೂ ಗಂಟಲು ಹರಿಯುವ ತನಕ ಕರೆಯುತ್ತೇನೆ ಪೊರ್ಬುಗಳೇ. ನಿಮ್ಮ ಹಾಗೆ ಬೇಕೆಂದೇ ಸೋಲುವವನಲ್ಲ ನಾನು.

ನಿಮ್ಮ ಎದುರು ಕುಳಿತಿದ್ದ
ಮಾಷ್ಟ್ರು